ನೀರಿಗೆ ಬೆರೆಸಿದ ಶಾಂತಿ

ರಾತ್ರಿ ಹನ್ನೊಂದು ದಾಟಿದರೂ ಮಗಳ ಕೋಣೆಯ ದೀಪ ಆರಿರಲಿಲ್ಲ. ಪಿಯುಸಿ ಓದುವವಳು. ಪರೀಕ್ಷೆ ಹತ್ತಿರವಿಲ್ಲ. ಹಾಗಾದರೆ ಅವಳ ಕೈಯಲ್ಲಿರುವುದು ಪಠ್ಯಪುಸ್ತಕವಲ್ಲ ಎಂದು ಊಹಿಸಲು ಇಪ್ಪತ್ತು ವರ್ಷಗಳ ಮೇಷ್ಟ್ರ ಅನುಭವವೇನೂ ಬೇಕಿಲ್ಲ. ಹೋಗಿ ನೋಡಿದರೆ ಗೆಳತಿಯಿಂದ ತಂದ ದಪ್ಪನೆಯ ಇಂಗ್ಲಿಷ್ ಕಾದಂಬರಿ. ಮುಖಪುಟದಲ್ಲಿ ನಕ್ಷತ್ರಗಳ ನಡುವೆ ಒಬ್ಬ ಹುಡುಗ, ಒಬ್ಬಳು ಹುಡುಗಿ, ಮುಖಕ್ಕೆ ಮುಖ ಕೊಟ್ಟು ನಿಂತಿದ್ದಾರೆ. ನಾನು ಹೆಚ್ಚು ಮಾತಾಡದೆ ಪುಸ್ತಕವನ್ನು ವಶಪಡಿಸಿಕೊಂಡೆ. "ಮೊದಲು ನಾನು ಓದಿ ನೋಡುತ್ತೇನೆ" ಎಂದೆ. ಅವಳು ಮರುಮಾತಾಡಲಿಲ್ಲ.

ಮರುದಿನ ಸುಬಹಿಯ ನಂತರ ನಾಲ್ಕು ಪುಟ ತಿರುವಿ ಹಾಕೋಣವೆಂದು ಕುಳಿತವನು ಶಾಲೆಗೆ ತಡವಾಗಿ ಹೋದೆ. ಮೂರು ದಿನದಲ್ಲಿ ಪುಸ್ತಕ ಮುಗಿಯಿತು. ಹಿಂದಿರುಗಿಸುವಾಗ ಮಗಳು ಕೇಳಿದಳು: "ಹೇಗಿತ್ತು ಉಪ್ಪಾ?" ಚೆನ್ನಾಗಿದೆ ಎಂದೆ. ಅವಳು ಬಾಗಿಲ ಬಳಿ ನಿಂತು, ಅರ್ಧ ತಮಾಷೆ ಅರ್ಧ ನಿಜ ಎಂಬಂತೆ ಹೇಳಿದಳು: "ಕ್ಲಾಸಲ್ಲಿ ನೀವೂ ಸ್ವಲ್ಪ ಆ ಎಲ್ಡೆಸ್ಟ್ ಥರಾನೇ ಅಲ್ವಾ?"

ಎಲ್ಡೆಸ್ಟ್ ಯಾರೆಂದು ಗೊತ್ತಿದ್ದರೆ ಈ ಮಾತು ನನಗೆ ಯಾಕೆ ಚುಚ್ಚಿತೆಂದು ನಿಮಗೂ ತಿಳಿದೀತು. ಆದ್ದರಿಂದ ಈ ತಿಂಗಳು ಆ ಕಾದಂಬರಿಯ ಬಗ್ಗೆಯೇ ಬರೆಯುತ್ತಿದ್ದೇನೆ.

ಹೆಸರು 'ಅಕ್ರಾಸ್ ದ ಯೂನಿವರ್ಸ್'. 2011ರ ಜನವರಿಯಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಬರೆದವರು ಬೆತ್ ರೆವಿಸ್. ನಾರ್ತ್ ಕೆರೊಲಿನಾ ರಾಜ್ಯದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ಅಧ್ಯಾಪಕಿ. ಹತ್ತು ವರ್ಷಗಳಲ್ಲಿ ಹತ್ತು ಕಾದಂಬರಿ ಬರೆದು, ಒಂದೂ ಅಚ್ಚಾಗದೆ, ಆ ಬಳಿಕ ಇದು ಪ್ರಕಟವಾಯಿತಂತೆ. ನಮ್ಮ ವೃತ್ತಿಯವರ ತಾಳ್ಮೆ ಎಂದರೆ ಇದು!

ಕತೆ ಶುರುವಾಗುವುದೇ ಭಯ ಹುಟ್ಟಿಸುವಂತೆ. ಹದಿನೇಳು ವರ್ಷದ ಏಮಿಯ ಕಣ್ಣೆದುರಲ್ಲೇ ಅವಳ ತಾಯಿಯನ್ನು ಪಾರದರ್ಶಕ ಪೆಟ್ಟಿಗೆಯಲ್ಲಿ ಮಲಗಿಸಿ ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸುತ್ತಾರೆ. ಗಂಟಲಿಗೆ ನಳಿಕೆ, ಕಣ್ಣಿಗೆ ಔಷಧದ ಹನಿ, ಮೈಗೆಲ್ಲಾ ನೀಲಿ ದ್ರವ. ಸೂರ್ಯನಿಗೆ ಅತ್ಯಂತ ಹತ್ತಿರದ ನಕ್ಷತ್ರ ಮಂಡಲವಾದ ಆಲ್ಫಾ ಸೆಂಟಾರಿಯ ಒಂದು ಗ್ರಹಕ್ಕೆ ಹೊರಟಿರುವ 'ಗಾಡ್‌ಸ್ಪೀಡ್' ಎಂಬ ಗಗನನೌಕೆಯಲ್ಲಿ ಹೀಗೆ ಸುಮಾರು ನೂರು ಮಂದಿಯನ್ನು ಮಲಗಿಸಿ ಕಳಿಸುವ ಯೋಜನೆ. ಪ್ರಯಾಣಕ್ಕೆ 300 ವರ್ಷ ಬೇಕು. ತಾಯಿ ತಳಿವಿಜ್ಞಾನಿ, ತಂದೆ ಸೇನಾಧಿಕಾರಿ. ಇಬ್ಬರೂ ಹೊಸ ಗ್ರಹಕ್ಕೆ ಬೇಕಾದವರು. ಏಮಿ ಮಾತ್ರ ಯಾವ ಕೆಲಸಕ್ಕೂ ಬೇಕಿಲ್ಲದವಳು, ಅಪ್ಪ ಅಮ್ಮನ ಜೊತೆಗಿರಲಿ ಎಂದು ಹೊರಟವಳು.

ತಾಯಿಯ ಪೆಟ್ಟಿಗೆ ಮುಚ್ಚಿದ ಮೇಲೆ ತಂದೆ ಮಗಳಿಗೆ ಹೇಳುತ್ತಾನೆ: ಮುಂದಿನ ಸರದಿ ನನ್ನದು, ನೀನು ಕೊನೆಗೆ. ಬೇಡವೆನಿಸಿದರೆ ನೀನು ಇಲ್ಲೇ ಉಳಿಯಬಹುದು, ಭೂಮಿಯ ಮೇಲೆ ಬದುಕಬಹುದು, ನಾನು ತಡೆಯುವುದಿಲ್ಲ. ಈ ಜಾಗದಲ್ಲಿ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ತನ್ನ ಮಗಳು ತನ್ನ ಜೊತೆ ಬರಲಿ ಎಂದು ಪ್ರಾಣ ಬಿಡುವಷ್ಟು ಆಸೆಯಿರುವ ತಂದೆ ತಾನು ಮೊದಲು ಕಣ್ಣು ಮುಚ್ಚಿಕೊಂಡು, ಆಯ್ಕೆಯನ್ನು ಅವಳಿಗೆ ಬಿಡುತ್ತಾನೆ. ಅವಳು ಏನು ಆರಿಸಿಕೊಂಡಳೆಂದು ನೋಡಲು ಅವನು ಎಚ್ಚರವಾಗಿರುವುದಿಲ್ಲ. ನಮ್ಮಲ್ಲಿ ಎಷ್ಟು ತಂದೆಯರಿಗೆ ಇದು ಸಾಧ್ಯ? ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಬೇಕೋ ವಾಣಿಜ್ಯವೋ ಎಂಬುದನ್ನು ಕೂಡ ನಾವು ಅವಳಿಗೆ ಬಿಟ್ಟವರಲ್ಲ.

ಏಮಿ ಹೊರಡುತ್ತಾಳೆ. ಆದರೆ ನೌಕೆ ತಲುಪಲು ಇನ್ನೂ 50 ವರ್ಷಗಳಿರುವಾಗ ಯಾರೋ ಅವಳ ಪೆಟ್ಟಿಗೆಯ ಸಂಪರ್ಕ ಕಿತ್ತು ಅರ್ಧಕ್ಕೆ ಎಬ್ಬಿಸಿಬಿಡುತ್ತಾರೆ. ಕರಗುತ್ತಿರುವ ನೀರಿನಲ್ಲಿ ಮುಳುಗಿ ಸಾಯಬೇಕಾದವಳು ಹೇಗೋ ಬದುಕುತ್ತಾಳೆ. ಮತ್ತೆ ಮಲಗಿಸಲು ಸಾಧ್ಯವಿಲ್ಲ. ಲೆಕ್ಕ ಹಾಕಿ ನೋಡಿ. ನೌಕೆ ಇಳಿಯುವಾಗ ಅವಳಿಗೆ 67 ವರ್ಷ. ಅಪ್ಪ ಅಮ್ಮ ಎದ್ದಾಗ ಅವರಿಗೆ ಮಲಗಿದಾಗಿನ ವಯಸ್ಸೇ. ಮಗಳು ತಾಯಿಗಿಂತ ಮುದುಕಿ! ಅವಳು ತಂದೆ ತಾಯಿ ಮಲಗಿರುವ ಕಪಾಟುಗಳನ್ನು ಎಳೆದು, ಗಾಜಿನಾಚೆಯ ಮುಖಗಳನ್ನು ನೋಡುತ್ತಾ ಕುಳಿತುಕೊಳ್ಳುತ್ತಾಳೆ. ಎಬ್ಬಿಸಿಬಿಡಲೇ ಎಂಬ ಆಸೆ. ಎಬ್ಬಿಸಿದರೆ ಅವರು ಯಾವುದಕ್ಕಾಗಿ ಎಲ್ಲವನ್ನೂ ಬಿಟ್ಟು ಬಂದರೋ ಅದನ್ನು ಕಿತ್ತುಕೊಂಡಂತೆ. ಕಾದಂಬರಿಯಲ್ಲಿ ಕೊಲೆಗಳಿವೆ, ಓಟವಿದೆ, ರಹಸ್ಯಗಳಿವೆ. ನನಗೆ ಮಾತ್ರ ಈ ಕಪಾಟಿನ ಮುಂದೆ ಕುಳಿತ ಹುಡುಗಿಯೇ ಹೆಚ್ಚು ನೆನಪಿನಲ್ಲಿ ಉಳಿದಳು.

ಈಗ ನೌಕೆಯ ಕಡೆಗೆ ಬರೋಣ. ಮಲಗಿರುವವರ ಮೇಲೆ ಎಚ್ಚರವಾಗಿರುವ ಇನ್ನೊಂದು ಲೋಕವಿದೆ. ಎರಡು ಸಾವಿರಕ್ಕೂ ಹೆಚ್ಚು ಜನ, ತಲೆಮಾರಿನಿಂದ ತಲೆಮಾರಿಗೆ ಅಲ್ಲೇ ಹುಟ್ಟಿ ಅಲ್ಲೇ ಸಾಯುವವರು. ಕೆಳಗಿನ ಅಂತಸ್ತಿನಲ್ಲಿ ಹೊಲ, ದನ ಕುರಿ, ಸಣ್ಣ ಪಟ್ಟಣ. ಅಲ್ಲಿರುವವರು ಬೆಳೆದು ಉಣಿಸುವವರು. ಅದರ ಮೇಲಿನ ಅಂತಸ್ತಿನಲ್ಲಿ ಯಂತ್ರ ನೋಡಿಕೊಳ್ಳುವ ತಂತ್ರಜ್ಞರು. ಎಲ್ಲಕ್ಕಿಂತ ಮೇಲೆ ಇಬ್ಬರೇ. ನೌಕೆಯನ್ನು ಆಳುವ ಮುದುಕ ಎಲ್ಡೆಸ್ಟ್, ಮತ್ತು ಅವನ ನಂತರ ಆಳಬೇಕಾದ ಹದಿನಾರರ ಹುಡುಗ ಎಲ್ಡರ್. ಸೂರ್ಯನ ಜಾಗದಲ್ಲಿ ಒಂದು ದೊಡ್ಡ ದೀಪ. ಆಕಾಶವೆಂದರೆ ಬಣ್ಣ ಬಳಿದ ಲೋಹದ ಚಾವಣಿ. ಎಲ್ಡರ್ ಒಂದು ದಿನ ಪರದೆ ಸರಿಸಿ ನಕ್ಷತ್ರಗಳನ್ನು ಕಂಡು ಮೈಮರೆಯುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಅವೂ ಬಲ್ಬುಗಳೇ!

ಅಲ್ಲಿರುವ ಎಲ್ಲರ ಮೈಬಣ್ಣ ಒಂದೇ, ಕೂದಲು ಒಂದೇ, ಮಾತು ಒಂದೇ. ಬಿಳಿ ಚರ್ಮ, ಕೆಂಪು ಕೂದಲಿನ ಏಮಿ ಅವರಿಗೆ ವಿಚಿತ್ರ ಪ್ರಾಣಿ. ಎಲ್ಡೆಸ್ಟ್ ತನ್ನ ಶಿಷ್ಯನಿಗೆ ಕಲಿಸುವ ಪಾಠವೇ ಹೀಗಿದೆ: ಜಗಳಕ್ಕೆ ಮೂರು ಕಾರಣ. ಮೊದಲನೆಯದು ಜನರ ನಡುವಿನ ವ್ಯತ್ಯಾಸ. ಎರಡನೆಯದು ಗಟ್ಟಿ ನಾಯಕನಿಲ್ಲದಿರುವುದು. ಮೂರನೆಯದು ಪ್ರತಿಯೊಬ್ಬನೂ ಸ್ವಂತವಾಗಿ ಯೋಚಿಸುವುದು. ಇವಕ್ಕೆ ಉದಾಹರಣೆಯಾಗಿ ಆ ಹುಡುಗನಿಗೆ ಭೂಮಿಯ ಚರಿತ್ರೆಯನ್ನೂ ಕಲಿಸಲಾಗಿದೆ. ಆ ಚರಿತ್ರೆಯಲ್ಲಿ ಹಿಟ್ಲರ್ ಒಳ್ಳೆಯ ನಾಯಕ. ಹುಡುಗ ಇದನ್ನು ಮುಗ್ಧವಾಗಿ ಏಮಿಗೆ ಹೇಳಿದಾಗ ಅವಳು ಬೆಚ್ಚಿಬೀಳುತ್ತಾಳೆ. ಅವನಿಗೆ ಅವಳೇಕೆ ಬೆಚ್ಚಿದಳೆಂದೇ ಅರ್ಥವಾಗುವುದಿಲ್ಲ. ಪಠ್ಯ ಬರೆಯುವವನ ಕೈಯಲ್ಲಿ ಎಂಥ ಶಕ್ತಿಯಿದೆ ನೋಡಿ. ಹುಡುಗ ಕೆಟ್ಟವನಲ್ಲ, ಅವನಿಗೆ ಸಿಕ್ಕ ಪುಸ್ತಕ ಕೆಟ್ಟದ್ದು.

ಏಮಿ ಹೊಲಗಳಲ್ಲಿ ನಡೆದಾಡುತ್ತಾಳೆ. ಜನ ನಗುತ್ತಾ ಕೆಲಸ ಮಾಡುತ್ತಿದ್ದಾರೆ. ಯಾರಿಗೂ ದುಃಖವಿಲ್ಲ, ಸಿಟ್ಟಿಲ್ಲ, ಅಸೂಯೆ ಇಲ್ಲ. ಹಾಗೆಯೇ ಸಂತೋಷವೂ ಇಲ್ಲ. ಮಾತಾಡಿಸಿದರೆ ಕಣ್ಣು ಖಾಲಿ. ವಯಸ್ಸಾದವರನ್ನು ಆಸ್ಪತ್ರೆಯ ನಾಲ್ಕನೆಯ ಮಹಡಿಗೆ ಕರೆದೊಯ್ಯುತ್ತಾರೆ, ಅಲ್ಲಿಂದ ಯಾರೂ ಕೆಳಗಿಳಿದು ಬರುವುದಿಲ್ಲ. ಮಕ್ಕಳೂ ಮೊಮ್ಮಕ್ಕಳೂ ಅದನ್ನು ಹವಾಮಾನದ ಸುದ್ದಿಯಂತೆ ಹೇಳುತ್ತಾರೆ. ಸ್ಟೀಲಾ ಎಂಬ ಒಬ್ಬ ವೃದ್ಧೆಗೆ ಮಾತ್ರ ಭಯವಾಗುತ್ತದೆ. ಅವಳೇಕೆ ಭಯಪಡುತ್ತಾಳೆ? ಏಕೆಂದರೆ ಅವಳು ಆಸ್ಪತ್ರೆಯ 'ಹುಚ್ಚರ' ವಾರ್ಡಿನವಳು. ಆ ವಾರ್ಡಿನಲ್ಲಿರುವವರು ಚಿತ್ರ ಬರೆಯುವವರು, ಕವಿತೆ ಕಟ್ಟುವವರು, ಏನನ್ನಾದರೂ ಹೊಸದಾಗಿ ಕಂಡುಹಿಡಿಯುವವರು. ಅವರಿಗೆ ದಿನವೂ ನೀಲಿ-ಬಿಳಿ ಮಾತ್ರೆ.

ಇಲ್ಲಿದೆ ಕಾದಂಬರಿಯ ಮರ್ಮ. ಆ ಮಾತ್ರೆ ಹುಚ್ಚಿಗೆ ಮದ್ದಲ್ಲ. ನೌಕೆಯ ಕುಡಿಯುವ ನೀರಿನಲ್ಲಿ ಎಲ್ಡೆಸ್ಟ್ 'ಫೈಡಸ್' ಎಂಬ ಮದ್ದು ಬೆರೆಸಿದ್ದಾನೆ. ಅದನ್ನು ಕುಡಿದವರು ಹೇಳಿದ್ದನ್ನು ಕೇಳಿಕೊಂಡು ತಣ್ಣಗಿರುತ್ತಾರೆ. ಮಾತ್ರೆ ಆ ಮದ್ದಿನ ಪ್ರಭಾವವನ್ನು ತಡೆಯುತ್ತದೆ. ಅಂದರೆ ಇಡೀ ನೌಕೆಯಲ್ಲಿ ಎಚ್ಚರವಾಗಿರುವವರು ಹುಚ್ಚರೆಂದು ಹೆಸರು ಪಡೆದವರೇ! ನೌಕೆಗೆ ಹೊಸ ಯೋಚನೆ ಮಾಡುವವರು ಬೇಕು, ಆದರೆ ಅವರಿಗೆ ತಾವೇ ಸರಿಯಿಲ್ಲ ಎನ್ನಿಸಬೇಕು. ಎಂಥ ಏರ್ಪಾಡು!

ಎಲ್ಡೆಸ್ಟ್‌ನನ್ನು ರಾಕ್ಷಸನೆಂದು ತಳ್ಳಿಹಾಕುವುದು ಸುಲಭ. ಆದರೆ ಅಧ್ಯಾಪಕಿ ಲೇಖಕಿ ಅವನಿಗೂ ಒಂದು ವಾದ ಕೊಟ್ಟಿದ್ದಾರೆ. ಹಿಂದೊಮ್ಮೆ ನೌಕೆಯಲ್ಲಿ 'ಮಹಾಮಾರಿ' ಬಂದು ಬಹಳ ಜನ ಸತ್ತರೆಂದು ಎಲ್ಲರಿಗೂ ಕಲಿಸಲಾಗಿದೆ. ನಿಜಕ್ಕೂ ಅದು ರೋಗವಲ್ಲ, ದಂಗೆ. ಗುರಿ ಮುಟ್ಟುವುದು ತಮ್ಮ ಜೀವಿತಾವಧಿಯಲ್ಲಿಲ್ಲ ಎಂಬ ಹತಾಶೆಯಿಂದ ಜನ ಒಬ್ಬರನ್ನೊಬ್ಬರು ಕೊಂದುಕೊಂಡರು. ಆಮೇಲೆ ಬಂದದ್ದು ಈ ಮದ್ದು. ಮುಚ್ಚಿದ ಹಡಗಿನಲ್ಲಿ ನೂರು ಜನ ಕೆರಳಿದರೆ ಎರಡು ಸಾವಿರ ಜನ ಉಸಿರುಗಟ್ಟಿ ಸಾಯುತ್ತಾರೆ. ಅವರನ್ನು ಉಳಿಸಲು ನಾನು ಸುಳ್ಳು ಹೇಳಿದರೆ ತಪ್ಪೇನು ಎನ್ನುತ್ತಾನೆ ಮುದುಕ.

ದೂರವನ್ನು ನೆನೆದರೆ ಅವನ ಭಯ ಸುಳ್ಳಲ್ಲ. ಆಲ್ಫಾ ಸೆಂಟಾರಿ ನಮ್ಮಿಂದ ಸುಮಾರು 4.37 ಜ್ಯೋತಿರ್ವರ್ಷ ದೂರ. 1977ರಲ್ಲಿ ಹಾರಿಬಿಟ್ಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಅದೇ ವೇಗದಲ್ಲಿ ಹೊರಟರೆ ಅಲ್ಲಿಗೆ ತಲುಪಲು ಎಪ್ಪತ್ತೈದು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಕಾದಂಬರಿಯ 300 ವರ್ಷದಲ್ಲಿ ಮುಟ್ಟಬೇಕಾದರೆ ಸೆಕೆಂಡಿಗೆ ನಾಲ್ಕು ಸಾವಿರ ಕಿಲೋಮೀಟರ್ ಮೀರಬೇಕು. ದಾರಿಯಲ್ಲಿ ನೀರು ತುಂಬಿಸಿಕೊಳ್ಳಲು ಹೊಳೆಯಿಲ್ಲ, ಕಿಟಕಿ ತೆರೆದರೆ ಗಾಳಿಯಿಲ್ಲ. ಕುಡಿದದ್ದನ್ನೇ, ಬೆವರಿದ್ದನ್ನೇ ಶುದ್ಧಗೊಳಿಸಿ ಮತ್ತೆ ಕುಡಿಯಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನೀರಿನ ಶೇ. 98ರಷ್ಟನ್ನು ಮರಳಿ ಪಡೆಯುವ ಮಟ್ಟ ಮುಟ್ಟಿರುವುದಾಗಿ ನಾಸಾ ಹೇಳಿದ್ದು 2023ರಲ್ಲಿ, ಅದೂ ಬೆರಳೆಣಿಕೆಯ ಗಗನಯಾತ್ರಿಗಳಿಗೆ.

ಹಾಗಾದರೆ ಮುಚ್ಚಿದ ಜಾಗದಲ್ಲಿ ಭಿನ್ನಾಭಿಪ್ರಾಯವಿದ್ದರೆ ಮನುಷ್ಯರು ಬದುಕುವುದಿಲ್ಲವೇ? ಇದನ್ನು ಕತೆಯಲ್ಲಲ್ಲ, ನಿಜವಾಗಿಯೇ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ 'ಬಯೋಸ್ಫಿಯರ್ 2' ಎಂಬ ಬೃಹತ್ ಗಾಜಿನ ಮನೆ ಇದೆ. ಮೂರು ಎಕರೆಗಿಂತ ಸ್ವಲ್ಪ ಹೆಚ್ಚು ಜಾಗ. ಒಳಗೆ ಸಣ್ಣ ಕಾಡು, ಸಣ್ಣ ಸಮುದ್ರ, ಹೊಲ. 1991ರ ಸೆಪ್ಟೆಂಬರಿನಲ್ಲಿ ನಾಲ್ವರು ಗಂಡಸರು, ನಾಲ್ವರು ಹೆಂಗಸರು ಒಳಗೆ ಹೋಗಿ ಎರಡು ವರ್ಷ ಇದ್ದರು. ಬೆಳೆ ಸಾಲದೆ ಹಸಿವು, ಎಲ್ಲರ ತೂಕ ಇಳಿಯಿತು. ಗಾಳಿಯಲ್ಲಿ ಶೇ. 21ರಷ್ಟಿರಬೇಕಾದ ಆಮ್ಲಜನಕ ತಿಂಗಳು ತಿಂಗಳು ಕಡಿಮೆಯಾಗುತ್ತಾ ಶೇ. 14ರ ಆಸುಪಾಸಿಗೆ ಬಂತು. ಮೆಟ್ಟಿಲು ಹತ್ತಿದರೆ ಏದುಸಿರು. ಗೊಬ್ಬರ ತುಂಬಿದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ತಿಂದು ಹಾಕುತ್ತಿದ್ದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕಟ್ಟಡದ ಕಾಂಕ್ರೀಟು ಹೀರಿಕೊಳ್ಳುತ್ತಿದ್ದುದರಿಂದ ಕಾರಣ ಹಿಡಿಯಲು ಕಷ್ಟವಾಯಿತು. ಕೊನೆಗೆ 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಿಸಬೇಕಾಯಿತು.

ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಆ ಎಂಟು ಮಂದಿ ಒಳಗೆ ಹೋದ ಮೇಲೆ ಜಗಳವಾಡಿ ನಾಲ್ಕು ನಾಲ್ಕಾಗಿ ಒಡೆದು ಹೋದರು. ಪ್ರಯೋಗವನ್ನು ಹೇಗೆ ನಡೆಸಬೇಕೆಂಬುದೇ ಜಗಳ. ಮಾತು ಬಿಟ್ಟದ್ದೂ ಉಂಟು. ಆದರೆ ಯಾರೂ ಇನ್ನೊಬ್ಬರ ಗಾಳಿ ಕೆಡಿಸಲಿಲ್ಲ, ಬೆಳೆ ಕೆಡಿಸಲಿಲ್ಲ. ಸರದಿಯ ಕೆಲಸ ನಿಲ್ಲಲಿಲ್ಲ. ಎರಡು ವರ್ಷ ಪೂರೈಸಿ ಎಂಟೂ ಮಂದಿ ಹೊರಬಂದರು. ಮಾತು ಬಿಟ್ಟವರೂ ಒಂದೇ ಗಾಳಿಯನ್ನು ಕಾಯಬಲ್ಲರು ಎಂದಾಯಿತಲ್ಲ! ಎಂಟು ಜನರ ಎರಡು ವರ್ಷ ಬೇರೆ, ಎರಡು ಸಾವಿರ ಜನರ ಮುನ್ನೂರು ವರ್ಷ ಬೇರೆ ಎಂದು ಎಲ್ಡೆಸ್ಟ್ ಹೇಳಬಹುದು. ಹೇಳಲಿ. ಆದರೂ ನೀರಿಗೆ ಮದ್ದು ಬೆರೆಸುವ ಮೊದಲು ಅವನು ಜನರನ್ನು ನಂಬಿ ನೋಡಿದ್ದನೇ? ಇಲ್ಲ.

ಮಗಳ ಮಾತಿಗೆ ಮರಳುತ್ತೇನೆ. ಅವಳು ಹಾಗೆಂದ ದಿನ ಸಿಟ್ಟು ಬಂದಿತ್ತು. ನಾನು ಯಾರ ನೀರಿಗೂ ಏನನ್ನೂ ಬೆರೆಸಿದವನಲ್ಲ. ರಾತ್ರಿ ಮಲಗಿದಾಗ ಮಾತ್ರ 2006ರ ಒಂದು ಮಳೆಗಾಲದ ಬೆಳಿಗ್ಗೆ ನೆನಪಾಯಿತು. ಆಗ ನಾನು ಮದ್ರಸದಲ್ಲಿ ಹೊಸ ಉಸ್ತಾದ್. ನಮಾಝಿನಲ್ಲಿ ಕಿಬ್ಲಾದ ಕಡೆಗೆ ಮುಖ ಮಾಡುವ ಪಾಠ. ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ಕೇಳಿದ: "ಉಸ್ತಾದ್, ರಾಕೆಟ್‌ನಲ್ಲಿ ಹೋಗುವವರಿಗೆ ಕಿಬ್ಲಾ ಯಾವ ಕಡೆ?" ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ಮೊದಲು ನೀನು ಸುಬಹಿಗೆ ಏಳುವುದನ್ನು ಕಲಿ, ಆಮೇಲೆ ರಾಕೆಟ್ ಹತ್ತು" ಎಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ನನಗೂ ಒಳ್ಳೆಯ ಮಾತು ಹೇಳಿದೆ ಎಂದು ಖುಷಿಯಾಯಿತು. ಆ ಹುಡುಗನಿಗೆ ಅಂದಿನಿಂದ 'ರಾಕೆಟ್' ಎಂದೇ ಹೆಸರಾಯಿತು. ಅವನು ಮತ್ತೆ ನನ್ನ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತರಗತಿ ತುಂಬಾ ಶಾಂತವಾಗಿತ್ತು. ಶಿಸ್ತು ಚೆನ್ನಾಗಿದೆ ಎಂದು ಹಿರಿಯರು ನನ್ನನ್ನು ಹೊಗಳಿದ್ದರು ಕೂಡ.

ಮರುವರ್ಷ, 2007ರ ಅಕ್ಟೋಬರ್ 10ರಂದು, ಮಲೇಷ್ಯಾದ ವೈದ್ಯ ಶೇಖ್ ಮುಸ್ಝಫರ್ ಶುಕೂರ್ ಬೈಕನೂರಿನಿಂದ ಬಾಹ್ಯಾಕಾಶಕ್ಕೆ ಹಾರಿದರು. ರಮಝಾನಿನ ಕೊನೆಯ ದಿನಗಳು. ಈದ್ ಅವರಿಗೆ ಬಾಹ್ಯಾಕಾಶ ನಿಲ್ದಾಣದಲ್ಲೇ. ಇದಕ್ಕಾಗಿ ಮಲೇಷ್ಯಾದ ಬಾಹ್ಯಾಕಾಶ ಸಂಸ್ಥೆ 2006ರಲ್ಲೇ ವಿಜ್ಞಾನಿಗಳನ್ನೂ ಉಲಮಾಗಳನ್ನೂ ಒಟ್ಟಿಗೆ ಕೂರಿಸಿ ಚರ್ಚೆ ನಡೆಸಿತ್ತು. ಅಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಒಂದು ನನ್ನ ಹಿಂದಿನ ಸಾಲಿನ ಹುಡುಗ ಕೇಳಿದ್ದೇ! ದೊಡ್ಡ ದೊಡ್ಡ ವಿದ್ವಾಂಸರು ಅದಕ್ಕೆ ನಗಲಿಲ್ಲ, ಕುಳಿತು ಯೋಚಿಸಿದರು. ಸಾಧ್ಯವಾದರೆ ಕಅಬಾದ ಕಡೆಗೆ, ಆಗದಿದ್ದರೆ ಕಅಬಾದ ನೇರಕ್ಕೆ ಮೇಲೆ ಆಕಾಶದಲ್ಲಿರುವ ಜಾಗದ ಕಡೆಗೆ, ಅದೂ ಆಗದಿದ್ದರೆ ಭೂಮಿಯ ಕಡೆಗೆ, ಯಾವುದೂ ಆಗದಿದ್ದರೆ ಯಾವ ಕಡೆಗಾದರೂ ಸರಿ ಎಂದರು. ಪತ್ರಿಕೆಯಲ್ಲಿ ಇದನ್ನು ಓದಿದ ದಿನ ನಾನು ಹುಡುಗನನ್ನು ಕರೆದು ಹೇಳಬಹುದಿತ್ತು. ಅವನು ಅದೇ ತರಗತಿಯಲ್ಲಿದ್ದ. ಹೇಳಲಿಲ್ಲ.

ಕಾದಂಬರಿಯಲ್ಲಿ ಎಲ್ಡರ್ ಕೊನೆಗೆ ಆ ಮದ್ದಿನ ಪಂಪನ್ನು ನಿಲ್ಲಿಸುತ್ತಾನೆ. ಕೊಲೆಗಾರ ಯಾರು, ಏಮಿಯನ್ನು ಎಬ್ಬಿಸಿದವರು ಯಾರು ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ, ಮಕ್ಕಳು ನನ್ನನ್ನು ಕ್ಷಮಿಸಲಾರರು. ಮುಂದಿನ ಭಾಗ 'ಎ ಮಿಲಿಯನ್ ಸನ್ಸ್' 2012ರಲ್ಲಿ, ಕೊನೆಯ ಭಾಗ 'ಶೇಡ್ಸ್ ಆಫ್ ಅರ್ತ್' 2013ರಲ್ಲಿ ಬಂತು. ಎರಡನೆಯ ಭಾಗದಲ್ಲಿ ಲೇಖಕಿಯ ಪ್ರಾಮಾಣಿಕತೆ ಮೆಚ್ಚುವಂಥದ್ದು. ಎಚ್ಚರಗೊಂಡ ಜನ ಕೂಡಲೇ ಒಳ್ಳೆಯವರಾಗಿಬಿಡುವುದಿಲ್ಲ. ಕೆಲಸಕ್ಕೆ ಬರುವುದಿಲ್ಲ, ಊಟಕ್ಕೆ ಕಿತ್ತಾಡುತ್ತಾರೆ. ಇಷ್ಟು ವರ್ಷ ಅಳದೆ ಉಳಿದ ದುಃಖವೆಲ್ಲ ಒಮ್ಮೆಲೇ ಬರುತ್ತದೆ. ಮದ್ದನ್ನು ಮತ್ತೆ ಬೆರೆಸಿಬಿಡು ಎಂಬ ಒತ್ತಡ ಹದಿನಾರರ ಹುಡುಗನ ಮೇಲೆ ಬೀಳುತ್ತದೆ.

ಆ ಭಾಗವನ್ನು ಓದಬೇಕೆಂದಿರುವವರು ಈ ಒಂದು ಪ್ಯಾರಾ ಬಿಟ್ಟುಬಿಡಿ. ಗುರಿ ಇನ್ನೂ ದೂರ ಎಂದು ತಿಳಿದಿದ್ದ ಎಲ್ಡರ್ ಒಮ್ಮೆ ನೌಕೆಯ ಹೊರಗೆ ಹೋಗಿ ನೋಡುತ್ತಾನೆ. ಎದುರಿಗೇ ಗ್ರಹ! ನೌಕೆ ಎಂದೋ ತಲುಪಿ, ಅದರ ಸುತ್ತ ಸುತ್ತುತ್ತಾ ನಿಂತಿದೆ. ಒಳಗಿದ್ದ ತಲೆಮಾರುಗಳು ಬಲ್ಬಿನ ನಕ್ಷತ್ರಗಳ ಕೆಳಗೆ, ಬಣ್ಣದ ಆಕಾಶದ ಕೆಳಗೆ, ಇಳಿಯಬೇಕಾದ ನೆಲದ ಮೇಲೆಯೇ ಹುಟ್ಟಿ ಸತ್ತಿವೆ.

ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ನೌಕೆಯ ಜನರ ಬಾಯಲ್ಲಿ ಇಟ್ಟಿರುವ ಕೃತಕ ಬೈಗುಳಗಳು ಕಿರಿಕಿರಿ. ಕೊಲೆಗಾರನನ್ನು ನಾನೇ ಅರ್ಧದಲ್ಲಿ ಊಹಿಸಿಬಿಟ್ಟೆ. ತಾಯಂದಿರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಜನಸಂಖ್ಯೆಯನ್ನು ಹಿಡಿತದಲ್ಲಿಡಲು ಎಲ್ಡೆಸ್ಟ್ ನೀರಿನ ಮೂಲಕವೇ ಜನರಲ್ಲಿ ಕಾಮವನ್ನು ಕೆರಳಿಸುವ ಕಾಲವೊಂದಿದೆ. ಆ ಅಧ್ಯಾಯಗಳಲ್ಲಿ ಏಮಿಯ ಮೇಲೆ ದೌರ್ಜನ್ಯದ ಪ್ರಯತ್ನವೂ ನಡೆಯುತ್ತದೆ. ಹೈಸ್ಕೂಲಿನ ಸಣ್ಣ ಮಕ್ಕಳ ಕೈಗೆ ಕೊಡುವ ಪುಸ್ತಕ ಇದಲ್ಲ. ದೊಡ್ಡ ಮಕ್ಕಳು ಓದುವುದಾದರೆ ನೀವೂ ಓದಿ, ಆಮೇಲೆ ಜೊತೆಗೆ ಕುಳಿತು ಮಾತಾಡಿ. ನನ್ನ ಮನೆಯಲ್ಲಿ ಮಾತಾಡಿದ್ದು ಅವಳ ಉಮ್ಮ. ಅಂಥ ಹೊತ್ತಿನಲ್ಲಿ ನಾನು ಅಂಗಡಿಗೆ ಹೋಗುವವನು.

ಕಳೆದ ತಿಂಗಳು ಊರಿನ ಒಂದು ನಿಕಾಹ್‌ಗೆ ಹೋಗಿದ್ದೆ. ಊಟದ ಸಾಲಿನಲ್ಲಿ ಯಾರೋ "ಏ ರಾಕೆಟ್" ಎಂದು ಕೂಗಿದರು. ತಿರುಗಿ ನೋಡಿದರೆ ಅದೇ ಹುಡುಗ. ಹುಡುಗನೇನು, ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು. ಗಲ್ಫಿನಲ್ಲಿ ಎಸಿ ರಿಪೇರಿ ಕೆಲಸ, ರಜೆಯಲ್ಲಿ ಬಂದಿದ್ದಾನೆ. ಸಲಾಂ ಹೇಳಿ ನನಗೆ ಕುರ್ಚಿ ಎಳೆದು ಕೊಟ್ಟ. ನಾನು ಆ ದಿನದ ಮಾತು ತೆಗೆದು, ನಿನ್ನ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ನಗಿಸಿಬಿಟ್ಟೆ ಎಂದೆ. ಅವನು ನಾಚಿಕೊಂಡು, "ಅಯ್ಯೋ, ಅದೆಲ್ಲ ಎಂತ ಉಸ್ತಾದ್, ಆಗ ಸಣ್ಣವನಲ್ವಾ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಟ್ಟೆಯ ಮೇಲೆ ಬಗ್ಗಿ ಮೆಲ್ಲಗೆ ಕೇಳಿದ: "ಹಾಗಾದ್ರೆ ಯಾವ ಕಡೆ ಉಸ್ತಾದ್?"

ಹೇಳಿದೆ. ತಲೆದೂಗುತ್ತಾ ಕೇಳಿದ. ನಿಲ್ದಾಣ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ, ದಿನಕ್ಕೆ ಹದಿನಾರು ಸಲ ಸೂರ್ಯ ಹುಟ್ಟುತ್ತಾನೆ ಎಂದಾಗ ಅವನ ಕೈ ತಟ್ಟೆಯಲ್ಲೇ ನಿಂತಿತು. "ಹದಿನಾರು ಸಲ? ಹಾಗಾದ್ರೆ ಉಪವಾಸ ಬಿಡೋದು ಯಾವಾಗ ಉಸ್ತಾದ್?"

ಹೊರಟ ಊರಿನ ಗಡಿಯಾರ ನೋಡಿಕೊಂಡು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ತಡೆದ. "ನಿಲ್ಲಿ, ನಿಲ್ಲಿ, ನಾನೇ ಯೋಚಿಸಿ ಹೇಳ್ತೇನೆ."